ತಾಯಿಯೊಡನೆ ಹೊರಟ ಯಾತ್ರೆ: ಬೆಳಗೊಳದಿಂದ ಹದಿನಾಡಿನವರೆಗೆ

ಚಾವುಂಡರಾಯನು ತಾಯಿ ಕಾಳಲದೇವಿಯೊಡನೆ ಪೌದನಪುರದ ಬಾಹುಬಲಿಯ ದರ್ಶನಕ್ಕೆ ಹೊರಟ ಕಥೆಯನ್ನು ಕೇಳದ ಕನ್ನಡ ಸಾಹಿತ್ಯದ ವಿದ್ಯಾರ್ಥಿ ಇರಲಾರ. ಭರತ ಚಕ್ರವರ್ತಿ ಮಾಡಿಸಿದ ಆ ಮೂರ್ತಿಯನ್ನು ಕಾಣುವವರೆಗೆ ಹಾಲು ಮುಟ್ಟುವುದಿಲ್ಲವೆಂಬ ವ್ರತ, ನಡುದಾರಿಯಲ್ಲಿ ಬೆಳಗೊಳದ ಚಿಕ್ಕಬೆಟ್ಟದಲ್ಲಿ ತಂಗುವುದು, ಶಾಸನದೇವತೆ ಕನಸಿನಲ್ಲಿ ಬಂದು ಮುಂದಿನ ಹಾದಿ ಅಸಾಧ್ಯವೆಂದು ತಿಳಿಸುವುದು, ಎದುರಿನ ಬೆಟ್ಟಕ್ಕೆ ಬಿಟ್ಟ ಬಾಣದಿಂದ ಮೂರ್ತಿ ತೋರುವುದು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಗೊಮ್ಮಟನ ಕಥೆಯೆಂದೇ ಓದುತ್ತೇವೆ. ವಯಸ್ಸಾದ ತಾಯಿಯನ್ನು ಕರೆದುಕೊಂಡು ದೂರದ ಊರಿಗೆ ಹೊರಟ ಮಗನ ಕಥೆಯೆಂದು ಓದಿದರೆ ಅದರಲ್ಲಿ ಬೇರೆಯೇ ಒಂದು ಪದರ ತೆರೆದುಕೊಳ್ಳುತ್ತದೆ.

ಮೊದಲು ಆಕರಗಳ ಕಾಲಾನುಕ್ರಮವನ್ನು ಗಮನಿಸಬೇಕು. ದೊಡ್ಡಬೆಟ್ಟದ ಮೂರ್ತಿಯ ಪಾದದ ಬಳಿಯ ಕಿರುಶಾಸನಗಳು ಚಾವುಂಡರಾಯನು ಅದನ್ನು ಮಾಡಿಸಿದನೆಂಬುದನ್ನಷ್ಟೇ ಹೇಳುತ್ತವೆ. ತಾಯಿಯ ಪ್ರಸ್ತಾಪ ಅಲ್ಲಿಲ್ಲ. ಸುಮಾರು 1180ರ ಬೊಪ್ಪಣ ಪಂಡಿತನ ಕಾವ್ಯಶಾಸನದಲ್ಲಿ ಪೌದನಪುರದ ವೃತ್ತಾಂತ ಸವಿಸ್ತಾರವಾಗಿ ಬರುತ್ತದೆ. ಅಲ್ಲಿನ ಮೂರ್ತಿಯನ್ನು ಕುಕ್ಕುಟಸರ್ಪಗಳು ಸುತ್ತುವರಿದಿವೆ. ಚಾವುಂಡರಾಯ ಹೊರಡಲು ಬಯಸುತ್ತಾನೆ. ಆ ನೆಲ ದೂರದ್ದು, ಹೋಗಲಾಗದ್ದು ಎಂದು ತಿಳಿದವರು ಹೇಳುತ್ತಾರೆ. ಹಾಗಾದರೆ ಅಂಥದೇ ಮೂರ್ತಿಯನ್ನು ಇಲ್ಲಿಯೇ ಮಾಡಿಸುವೆನೆಂದು ಅವನು ನಿಶ್ಚಯಿಸುತ್ತಾನೆ. ಇಲ್ಲಿಯೂ ತಾಯಿ ಇಲ್ಲ. ಆಕೆ ಕಥೆಯೊಳಗೆ ಬರುವುದು ಬಹಳ ಈಚಿನ ಕೃತಿಗಳಲ್ಲಿ: ದೊಡ್ಡಯ್ಯನ ಸಂಸ್ಕೃತ ಭುಜಬಲಿಶತಕ, 1614ರ ಪಂಚಬಾಣನ ಭುಜಬಲಿಚರಿತೆ, ಅನಂತಕವಿಯ ಗೊಮ್ಮಟೇಶ್ವರಚರಿತೆ, ದೇವಚಂದ್ರನ ರಾಜಾವಳೀಕಥೆ ಮುಂತಾದ ಸಾಲಿನಲ್ಲಿ.

ಮೂರ್ತಿಪ್ರತಿಷ್ಠೆಯಾದದ್ದು 981ರ ಸುಮಾರಿಗೆ ಎಂಬ ರೂಢಿಯ ಎಣಿಕೆಯನ್ನು ಒಪ್ಪಿದರೆ, ತಾಯಿ ಕಥೆಯನ್ನು ಸೇರಲು ಐದಾರು ಶತಮಾನಗಳು ಬೇಕಾದವು. ಇದನ್ನು ಕೇವಲ ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ಸುಲಭ. ಆದರೆ ಅವಳು ಸೇರಿದ ಜಾಗವನ್ನು ನೋಡಿ. ಬೊಪ್ಪಣನಲ್ಲಿ ‘ಹೋಗಲಾಗದು’ ಎಂಬುದು ಪೌದನಪುರದ ಗುಣ, ನೆಲವೇ ದುರ್ಗಮ. ಈಚಿನ ಕವಿಗಳಲ್ಲಿ ಅದೇ ದುರ್ಗಮತೆಯ ಎದುರು ಒಬ್ಬ ವೃದ್ಧೆ ನಿಲ್ಲುತ್ತಾಳೆ. ಸೇನಾಪತಿಯಾದ ಮಗನಿಗೆ ಕಾಡು ದಾಟುವುದು ಹೊಸದಲ್ಲ. ತಾಯಿಯನ್ನು ಜೊತೆಗಿಟ್ಟುಕೊಂಡವನಿಗೆ ಅದೇ ಹಾದಿ ಬೇರೆಯದಾಗುತ್ತದೆ. ಹಾದಿ ಎಷ್ಟು ಕಠಿಣವೆಂಬುದು ನೆಲದಿಂದ ಮಾತ್ರ ತೀರ್ಮಾನವಾಗುವುದಿಲ್ಲ, ನಡೆಯುವವರ ಮೊಣಕಾಲಿನಿಂದಲೂ ತೀರ್ಮಾನವಾಗುತ್ತದೆ ಎಂಬ ಅರಿವು ಆ ಬದಲಾವಣೆಯಲ್ಲಿದೆ. ಮಹಾಭಿಷೇಕದ ಹಾಲು ಮೂರ್ತಿಯ ಪಾದವನ್ನು ಮುಟ್ಟದೆ ಉಳಿದಾಗ ಗುಳ್ಳಕಾಯಿಯ ತಿರುಳು ತೆಗೆದು ಅದರಲ್ಲಿ ಒಂದಿಷ್ಟು ಹಾಲು ತಂದ ಗುಳ್ಳಕಾಯಜ್ಜಿಯೂ ಒಬ್ಬ ಮುದುಕಿಯೇ. ಕಥೆಯ ಆರಂಭದಲ್ಲಿ ಒಬ್ಬ ವೃದ್ಧೆ, ಕೊನೆಯಲ್ಲಿ ಇನ್ನೊಬ್ಬ ವೃದ್ಧೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಚಿಕ್ಕಬೆಟ್ಟದಲ್ಲಿಯೇ ಇನ್ನೊಂದು ಯಾತ್ರೆಯ ದಾಖಲೆ ಇದೆ, ಇದಕ್ಕಿಂತ ಬಹಳ ಹಳೆಯದು. ಸುಮಾರು 600ರ ಮೊದಲನೆಯ ಶಾಸನದಲ್ಲಿ ಭದ್ರಬಾಹುಸ್ವಾಮಿ ನುಡಿದ ಹನ್ನೆರಡು ವರ್ಷಗಳ ಕ್ಷಾಮದ ಭವಿಷ್ಯವನ್ನು ಕೇಳಿ ಸಂಘವೆಲ್ಲ ಉಜ್ಜಯಿನಿಯಿಂದ ದಕ್ಷಿಣಾಪಥಕ್ಕೆ ಹೊರಡುತ್ತದೆ. ಕಟವಪ್ರದ ಬೆಟ್ಟವನ್ನು ತಲುಪಿದಾಗ ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಷ್ಯ ಅಲ್ಪವೆಂದು ತಿಳಿದು ಸಂಘವನ್ನು ಮುಂದೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಅಲ್ಲಿಯೇ ನಿಲ್ಲುತ್ತಾನೆ. ಪ್ರಭಾಚಂದ್ರನು ಚಂದ್ರಗುಪ್ತನೇ ಅಲ್ಲವೇ ಎಂಬ ವಾದ ಒಂದು ಶತಮಾನಕ್ಕೂ ಮೀರಿ ನಡೆದಿದೆ; ಅದರಲ್ಲಿ ಮುಳುಗಿದವರು ಈ ಸರಳ ಸಂಗತಿಯತ್ತ ಹೆಚ್ಚು ಗಮನ ಕೊಟ್ಟಿಲ್ಲ. ನಿಲ್ಲುವ ತೀರ್ಮಾನ ಆಚಾರ್ಯನದು. ಸಂಘ ಅವನನ್ನು ಬಿಟ್ಟು ಹೋಗಲಿಲ್ಲ, ಅವನೇ ಸಂಘವನ್ನು ಕಳುಹಿಸಿಕೊಟ್ಟ. ಒಬ್ಬನೂ ಜೊತೆಗಿಲ್ಲದೆ ಉಳಿಯಲೂ ಇಲ್ಲ. ವಡ್ಡಾರಾಧನೆಯ ಭದ್ರಬಾಹುಭಟಾರರ ಕಥೆಯಲ್ಲಿ ಈ ಒಬ್ಬ ಶಿಷ್ಯನ ಶುಶ್ರೂಷೆಗೆ ಕಥೆಗಾರ ಕೊಟ್ಟ ಜಾಗವೂ ಸಣ್ಣದಲ್ಲ.

ಈ ಶುಶ್ರೂಷೆಗೆ ನಮ್ಮ ಪರಂಪರೆಯಲ್ಲಿ ವೈಯಾವೃತ್ತ್ಯವೆಂದು ಹೆಸರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಅದನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿ, ಯಾರಿಗೆ ಸಲ್ಲಬೇಕೆಂಬುದರ ಮೇಲೆ ಹತ್ತು ಬಗೆ ಮಾಡುತ್ತದೆ. ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ ‘ಗ್ಲಾನ’ನೂ, ಎಂದರೆ ರೋಗದಿಂದ ಬಳಲಿದವನೂ, ಇದ್ದಾನೆ. ಸೂತ್ರ ಮುನಿಸಂಘವನ್ನು ಕುರಿತದ್ದು, ಗೃಹಸ್ಥರ ತಂದೆತಾಯಿಗಳನ್ನು ಕುರಿತದ್ದಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆದರೂ ಇನ್ನೊಬ್ಬರ ಆಯಾಸವನ್ನು ತಗ್ಗಿಸುವುದನ್ನು ಸೌಜನ್ಯವೆನ್ನದೆ ತಪಸ್ಸು ಎಂದು ಕರೆದ ಧೋರಣೆ ಗೃಹಸ್ಥರಿಗೂ ಅನ್ವಯಿಸದಿರಲು ಕಾರಣವಿಲ್ಲ.

ಕಟವಪ್ರದಿಂದ ಸಂಘ ಮುಂದೆ ಎಲ್ಲಿಗೆ ಹೋಯಿತು? ವಡ್ಡಾರಾಧನೆ ದ್ರವಿಳದೇಶವನ್ನು ಹೇಳುತ್ತದೆ. 931ರ ಹರಿಷೇಣನ ಬೃಹತ್ಕಥಾಕೋಶದ ಪ್ರಕಾರ ಭದ್ರಬಾಹು ಉಜ್ಜಯಿನಿಯ ಸೀಮೆಯಲ್ಲಿಯೇ ಉಳಿದ, ಸಂಘ ಹೋದದ್ದು ದಕ್ಷಿಣದ ಪುನ್ನಾಟ ವಿಷಯಕ್ಕೆ. ಪುನ್ನಾಟದ ರಾಜಧಾನಿ ಕಪಿಲೆಯ ದಡದ ಕಿತ್ತೂರು, ಅಂದಿನ ಕೀರ್ತಿಪುರ. ಬಿ. ಎಲ್. ರೈಸ್ ಅವರು ಈ ಪುನ್ನಾಟವನ್ನು ನಂತರದ ಹದಿನಾಡಿನೊಡನೆ ಸೇರಿಸಿ ನೋಡಿದ್ದರು. ಶಬ್ದಸಾಮ್ಯದ ಮೇಲೆ ನಿಂತ ಈ ಸಮೀಕರಣವನ್ನು ನಾನು ಪೂರ್ಣ ಒಪ್ಪುವವನಲ್ಲ. ಆದರೂ ಕಪಿಲೆಯಿಂದ ಸುವರ್ಣಾವತಿಯವರೆಗಿನ ನೆಲವನ್ನು ಒಂದು ಪ್ರಾಚೀನ ಜೈನ ಸಂಚಾರಪಥವೆಂದು ಕಾಣುವುದಕ್ಕೆ ಅದು ಉಪಯುಕ್ತ. ಹದಿನಾಡು ಸೀಮೆಯ ಮುಖ್ಯ ಊರು ಯಳಂದೂರು. ಅಲ್ಲಿಂದ ಪೂರ್ವಕ್ಕೆ ಕೊಳ್ಳೇಗಾಲ, ಅದರಾಚೆ ಹನೂರು, ಮತ್ತೆ ಮಲೆಗಳು.

ನಡೆಯಲು ಕಷ್ಟಪಡುವ ತಂದೆತಾಯಿಗಳನ್ನು ಕರೆದುಕೊಂಡು ಈ ಮೂರು ತಾಲ್ಲೂಕುಗಳನ್ನು ನೋಡಬಯಸುವ ಸಂಶೋಧಕರು ಹಲವರಿದ್ದಾರೆ. ಕ್ಷೇತ್ರಕಾರ್ಯವೂ ಆಗಲಿ, ಹಿರಿಯರ ಹರಕೆಯೂ ತೀರಲಿ ಎಂಬುದು ಅವರ ಲೆಕ್ಕ. ಸಾಮಾನ್ಯವಾಗಿ ಬೆಟ್ಟಗಳನ್ನು ಮೊದಲು ಬರೆದುಕೊಂಡು, ಉಳಿದ ವೇಳೆಯಲ್ಲಿ ಊರುಗಳನ್ನು ತುಂಬುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಿರುಗುಮುರುಗಾಗಬೇಕು. ಈ ಸೀಮೆಯ ಸಾಹಿತ್ಯಚರಿತ್ರೆ ಬಹುಪಾಲು ಇರುವುದು ಸಮನೆಲದಲ್ಲಿ.

ಯಳಂದೂರನ್ನೇ ತೆಗೆದುಕೊಳ್ಳೋಣ. ಹದಿನಾಡಿನ ಅರಸರು ಕಟ್ಟಿಸಿದ ಗೌರೀಶ್ವರ ದೇವಾಲಯ ಊರಿನೊಳಗೇ ಇದೆ. ಅದರ ಮುಂದಿನ ಬಳೆಮಂಟಪದ ಕಲ್ಲಿನ ಬಳೆಗಳ ಸರಪಣಿಯನ್ನು ನೋಡಲು ಬೆಟ್ಟ ಹತ್ತಬೇಕಿಲ್ಲ; ವಾಹನದಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು. ರಾಜಶೇಖರವಿಳಾಸದ ಷಡಕ್ಷರದೇವ ಈ ಊರಿನ ಮಠದ ಅಧಿಪತಿ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮ ಈ ಊರಿನವಳು. ಮೈಸೂರಿನ ಅಂತಃಪುರದಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದು ಅಳಸಿಂಗಾರ್ಯನ ಶಿಷ್ಯೆಯಾಗಿ ಕವಿಯಾದವಳು. ಅದೇ ಚಿಕ್ಕದೇವರಾಜ ಒಡೆಯರ ಮಂತ್ರಿಯಾದ ವಿಶಾಲಾಕ್ಷ ಪಂಡಿತನೂ ಯಳಂದೂರಿನ ಜೈನ. ಅರಸು ಪಟ್ಟಕ್ಕೆ ಬರುವ ಮೊದಲು ಹಂಗಳದಲ್ಲಿ ಕಾವಲಿನಲ್ಲಿದ್ದಾಗಿನಿಂದ ಅವನಿಗೆ ಆಪ್ತನಾಗಿದ್ದವನು ಈ ಪಂಡಿತನೆಂದು ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆಯುತ್ತಾನೆ. 1686ರಲ್ಲಿ ಅವನ ಕೊಲೆಯಾಯಿತು. ಮಂತ್ರಿಪದವಿ ತಿರುಮಲಾರ್ಯನಿಗೆ ಹೋಯಿತು. ಚಿಕ್ಕದೇವರಾಜನ ಆಸ್ಥಾನಸಾಹಿತ್ಯವನ್ನು ಶ್ರೀವೈಷ್ಣವ ಕವಿಗಳ ಸಾಧನೆಯೆಂದಷ್ಟೇ ಪಾಠ ಮಾಡುವವರು ಈ ಹೆಸರನ್ನು ಒಂದು ವಾಕ್ಯದಲ್ಲಾದರೂ ಸೇರಿಸಬೇಕು. 1807ರಲ್ಲಿ ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ಬಂದದ್ದೂ ಇದೇ ಯಳಂದೂರು. ಇವೆಲ್ಲ ಒಂದೇ ಊರಿನಲ್ಲಿ, ಗಾಲಿಕುರ್ಚಿ ತಳ್ಳಬಹುದಾದ ನೆಲದಲ್ಲಿ. ಅಷ್ಟಾಗಿಯೂ ಪ್ರವಾಸಿಗಳು ಯಳಂದೂರನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ತಿರುಗುವ ದಾರಿಯೆಂದಷ್ಟೇ ಬಲ್ಲರು!

ಕೊಳ್ಳೇಗಾಲದ ಕಥೆ ಬೇರೆ. ಕೇವಲ ಹದಿನೈದು ಕಿಲೋಮೀಟರಿನಷ್ಟು ದೂರವಾದರೂ ಅದು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮೈಸೂರಿನ ಕಡೆಯಿಂದ ಬರುವ ವೃದ್ಧರಿಗೆ ಇಲ್ಲಿಗೆ ಅಡ್ಡವಾಗಿದ್ದದ್ದು ಗಡಿಯಲ್ಲ, ಕಾವೇರಿ. ಶಿವನಸಮುದ್ರದಲ್ಲಿ ನದಿ ಎರಡಾಗಿ ಸೀಳುತ್ತದೆ. ಹಳೆಯ ಸೇತುವೆಗಳು ಹಾಳಾಗಿದ್ದ ಕಾಲದಲ್ಲಿ ಹರಿಗೋಲೇ ಗತಿ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಕಲ್ಲುಕಂಬಗಳ ಮೇಲೆ ಸೇತುವೆಗಳನ್ನು ಕಟ್ಟಿಸಿ ದ್ವೀಪವನ್ನು ಎರಡೂ ದಡಗಳಿಗೆ ಕೂಡಿಸಿದರು. ಇದಕ್ಕಾಗಿ ಕಂಪನಿ ಸರ್ಕಾರ ಅವರಿಗೆ ಕೊಟ್ಟ ಬಿರುದು ‘ಜನೋಪಕಾರ ಕಾಮಕರ್ತ’. ಶಿವನಸಮುದ್ರ ಅವರ ಜಹಗೀರಾಯಿತು. ಅರಸರ ಬಿರುದಾವಳಿಗಳನ್ನು ಓದಿ ದಣಿದವರಿಗೆ ಈ ಬಿರುದು ಹಿತವೆನಿಸುತ್ತದೆ. ಗಂಡಭೇರುಂಡವಲ್ಲ, ಸೇತುವೆ. ದ್ವೀಪದ ಮಧ್ಯರಂಗನ ಗುಡಿಗೆ ವಾಹನ ಹತ್ತಿರ ಹೋಗುತ್ತದೆ. ಭರಚುಕ್ಕಿಯಲ್ಲಿ ಜಲಪಾತದ ಬುಡಕ್ಕೆ ಇಳಿಯುವ ಮೆಟ್ಟಿಲುಗಳು ಬಹಳ, ಇಳಿದವರು ಹತ್ತಲೇಬೇಕು. ಮೇಲಿನಿಂದಲೇ ಇಡೀ ನೋಟ ಸಿಗುವುದರಿಂದ ಹಿರಿಯರು ಅಲ್ಲಿಯೇ ಕುಳಿತರೆ ನಷ್ಟವೇನೂ ಇಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಹೋಗಬೇಕು. ಬೇಸಿಗೆಯಲ್ಲಿ ಕಾಣುವುದು ಹೆಚ್ಚಾಗಿ ಬಂಡೆ.

ಇನ್ನು ಬೆಟ್ಟಗಳು. ಇಲ್ಲೊಂದು ವಿಪರ್ಯಾಸವಿದೆ. ಕೊಳ್ಳೇಗಾಲದಿಂದ ಹನೂರಿನ ಮೂಲಕ ಸುಮಾರು 80 ಕಿಲೋಮೀಟರ್ ದೂರದ ಮಲೆ ಮಹದೇಶ್ವರ ಬೆಟ್ಟ ಹೆಸರಿಗೆ ಎಪ್ಪತ್ತೇಳು ಮಲೆಗಳ ನಡುವಿನದು. ಹರಕೆ ಹೊತ್ತವರು ತಾಳುಬೆಟ್ಟದಿಂದ ಕಾಲ್ನಡಿಗೆಯಲ್ಲಿಯೇ ಏರುತ್ತಾರೆ. ಆದರೆ ರಸ್ತೆ ಗುಡಿಯ ಸಮೀಪದವರೆಗೂ ಇರುವುದರಿಂದ ವೃದ್ಧರಿಗೆ ಕಷ್ಟ ಕೊಡುವುದು ಹತ್ತುವಿಕೆಯಲ್ಲ, ಕಾಡಿನ ತಿರುವುಗಳು. ಬೆಳಗಿನ ಊಟ ಹಗುರವಾಗಿರಲಿ, ಹನೂರಿನಲ್ಲಿ ಒಮ್ಮೆ ಇಳಿದು ಕಾಲು ಚಾಚಲಿ. ಯಳಂದೂರಿನಿಂದ ಹತ್ತಿರವಿರುವ ಬಿಳಿಗಿರಿರಂಗನ ಬೆಟ್ಟದಲ್ಲಿಯಾದರೋ ವಾಹನದಿಂದಿಳಿದ ಮೇಲೂ ಗುಡಿಗೆ ಮೆಟ್ಟಿಲುಗಳಿವೆ. ಹತ್ತಿರದ್ದು ಕಷ್ಟ, ದೂರದ್ದು ಸುಲಭ.

ಈ ರಂಗನ ಬಗೆಗೆ ಒಂದು ಮಾತು. ಬೆಟ್ಟದ ದೇವರಿಗೆ ಇಲ್ಲಿ ಭಾರೀ ಗಾತ್ರದ ಚರ್ಮದ ಪಾದರಕ್ಷೆಗಳ ಸೇವೆ ಸಲ್ಲುತ್ತದೆ. ಮಾದಿಗ ಸಮುದಾಯದವರು ಮಾಡಿ ಒಪ್ಪಿಸುವ ಆ ಮೆಟ್ಟುಗಳನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ದೇವರು ರಾತ್ರಿ ಕಾಡಿನಲ್ಲಿ ಸಂಚರಿಸುತ್ತಾನೆ, ಮೆಟ್ಟು ಸವೆಯುತ್ತದೆ ಎಂಬುದು ನಂಬಿಕೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿ ಅವರಿಗೆ ಭಾವನಾದವನು ಅವನು. ಜನರನ್ನು ಮೇಲಕ್ಕೆ ಹತ್ತಿಸುವುದಕ್ಕಿಂತ ತಾನೇ ಕೆಳಗಿಳಿದು ನಡೆಯುವ ದೇವರು. ಬಾಹುಬಲಿ ಪೌದನಪುರದಿಂದ ಕಾಳಲದೇವಿ ಇದ್ದಲ್ಲಿಗೆ ಬಂದ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ, ಮತ ಬೇರೆಯಾದರೂ ಕಥನದ ತರ್ಕ ಒಂದೇ ಎಂದು ತೋರುತ್ತದೆ.

ಯೋಜನೆಯಲ್ಲಿ ಕಾಲದ ಎಣಿಕೆ ಮುಖ್ಯ. ಬಿಳಿಗಿರಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದದ್ದು. ಅರಣ್ಯದ ತನಿಖಾ ಠಾಣೆಗಳಲ್ಲಿ ಸಂಜೆಯ ಮೇಲೆ ಸಂಚಾರಕ್ಕೆ ತಡೆಯಿರುತ್ತದೆ. ರಾತ್ರಿಭೋಜನ ತ್ಯಾಗದ ಹಿರಿಯರಿರುವ ಮನೆಯವರಿಗೆ ಇದು ಅನುಕೂಲವೇ. ಸೂರ್ಯಾಸ್ತಕ್ಕೆ ಮುನ್ನ ತಂಗುದಾಣ ಸೇರಿ ಊಟ ಮುಗಿಸಬೇಕೆಂಬ ಅವರ ನಿಯಮವೂ ಅರಣ್ಯ ಇಲಾಖೆಯ ನಿಯಮವೂ ಒಂದೇ ಗಡಿಯಾರಕ್ಕೆ ನಡೆಯುತ್ತವೆ. ದಿನಕ್ಕೆ ಒಂದು ಬೆಟ್ಟಕ್ಕಿಂತ ಹೆಚ್ಚು ಬೇಡ. ತಂಗುವ ಕೊಠಡಿ ನೆಲ ಅಂತಸ್ತಿನಲ್ಲಿದೆಯೇ, ಕಮೋಡ್ ಇರುವ ಶೌಚಾಲಯವಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸೋಸಿದ ನೀರು, ಔಷಧಿ ವಾಹನದಲ್ಲಿ ಕೈಗೆ ಸಿಗುವಂತಿರಲಿ. ಇವೆಲ್ಲ ಯಾರಿಗಾದರೂ ತಿಳಿದವೇ. ಇವಕ್ಕಿಂತ ಕಠಿಣವಾದದ್ದು, ಯಾವ ಮೆಟ್ಟಿಲ ಬಳಿ ನಿಲ್ಲಬೇಕೆಂಬುದನ್ನು ಹೇಳುವವರು ಯಾರು ಎಂಬ ಪ್ರಶ್ನೆ. ಮಕ್ಕಳು ಮನೆಯಲ್ಲಿಯೇ ಕುಳಿತು ‘ಅಮ್ಮನಿಗೆ ಇದು ಆಗದು’ ಎಂದು ತೀರ್ಮಾನಿಸಿಬಿಡುವುದು ಬೊಪ್ಪಣನ ಶಾಸನದ ತಿಳಿದವರ ಮಾತಿನಂತೆ; ಹೇಳಿದ್ದು ಸರಿಯೇ ಇರಬಹುದು, ಹೊರಡುವ ಮೊದಲೇ ಹೇಳಿದ್ದು. ಕಟವಪ್ರದಲ್ಲಿ ಹಾಗಾಗಲಿಲ್ಲ. ಬೆಟ್ಟದವರೆಗೆ ಎಲ್ಲರೂ ಬಂದರು. ಇಲ್ಲಿಗೆ ಸಾಕು ಎಂದದ್ದು ಹಿರಿಯನು. ಮೆಟ್ಟಿಲ ಬುಡದವರೆಗೆ ಕರೆದೊಯ್ದು, ಹತ್ತುವುದನ್ನೋ ಕೂರುವುದನ್ನೋ ಅವರಿಗೇ ಬಿಡುವುದು, ಕೂತರೆ ಒಬ್ಬರು ಜೊತೆಗಿರುವುದು, ಉಳಿದವರು ಹೋಗಿ ಬರುವುದು: ಶಾಸನ ತೋರುವ ಏರ್ಪಾಡು ಇದು. ಬೆಳಗೊಳದ ದೊಡ್ಡಬೆಟ್ಟದಲ್ಲಿ ಡೋಲಿ ಹೊರುವವರಿದ್ದಾರೆ; ಸುಮಾರು 470 ಅಡಿಯ ಆ ಬಂಡೆಯನ್ನು ಅದರಲ್ಲಿ ಕುಳಿತು ಏರುವ ವೃದ್ಧರು ಉಂಟು, ಹೆಗಲ ಮೇಲೆ ಹೋಗುವುದಕ್ಕೆ ಮನಸ್ಸೊಪ್ಪದೆ ಕೆಳಗೇ ಕೈಮುಗಿಯುವವರೂ ಉಂಟು. ಎರಡೂ ದರ್ಶನವೇ.

ಒಂದು ದಿನ ಹೆಚ್ಚಿಗೆ ಸಿಕ್ಕಿದವರು ಯಳಂದೂರಿನಿಂದ ಪಶ್ಚಿಮಕ್ಕೆ, ಚಾಮರಾಜನಗರ ತಾಲ್ಲೂಕಿನ ಮಲೆಯೂರಿಗೆ ಹೋಗಬೇಕು. ಅಲ್ಲಿನ ಕನಕಗಿರಿಯನ್ನು ಪರಂಪರೆ ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ನೆನೆಯುತ್ತದೆ. ಭದ್ರಬಾಹುವಿನ ಕಥೆ, ಚಾವುಂಡರಾಯನ ಕಥೆ ಎರಡನ್ನೂ ರಾಜಾವಳೀಕಥೆಯಲ್ಲಿ ಒಟ್ಟುಗೂಡಿಸಿ, ಮೈಸೂರು ಅರಮನೆಯ ದೇವಿರಮ್ಮಣ್ಣಿಗಾಗಿ 1838ರಲ್ಲಿ ಮುಗಿಸಿದ ದೇವಚಂದ್ರ ಈ ಊರಿನವನು. ಕರ್ನಲ್ ಮೆಕೆಂಜಿಯ ಜನ ಸ್ಥಳೇತಿಹಾಸಗಳನ್ನು ಹುಡುಕುತ್ತ ಬಂದಾಗ ಅವರಿಗೆ ನೆರವಾದವನೂ ಅವನೇ. ಬೆಟ್ಟದ ಮೇಲಿನ ಪಾರ್ಶ್ವನಾಥ ಬಸದಿಗೆ ಹತ್ತಲಾಗದವರು ಕೆಳಗೆ ಊರಿನಲ್ಲಿಯೇ ಉಳಿದರೆ, ಅವರು ಕುಳಿತದ್ದು ಕಾಳಲದೇವಿಯ ಕಥೆಯನ್ನು ಬರೆದವನ ಊರಿನಲ್ಲಿ.