ಕೊಮೊಡೊ: ಡ್ರ್ಯಾಗನ್‌ಗೆ ಪಾರ್ಕ್ ಆಯ್ತು, ಊರಿನವರಿಗೆ?

ಇವತ್ತು ನಾನು ನಿಮ್ಮನ್ನ ಇಂಡೊನೇಷ್ಯಾದ ಕೊಮೊಡೊ ದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ. ಅಲ್ಲಿನ ಡ್ರ್ಯಾಗನ್‌ಗಳನ್ನ ನೀವು ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಆದರೆ ಆ ರೀಲ್ಸ್‌ನಲ್ಲಿ ಸಾಮಾನ್ಯವಾಗಿ ಕಾಣದ ಒಂದು ಊರೂ ಅಲ್ಲಿದೆ. ನಾನು ಹೇಳಬೇಕು ಅಂತಿರೋದು ಮುಖ್ಯವಾಗಿ ಆ ಊರಿನ ಕಥೆ.

ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊ ಬಂದರಿನಿಂದ ದೋಣಿಯಲ್ಲಿ ಹೋಗಬೇಕು. ಉಷ್ಣವಲಯದ ದ್ವೀಪ ಅಂದ್ರೆ ದಟ್ಟ ಹಸಿರು ಕಾಡು ಅಂದ್ಕೊಂಡಿದ್ದೆ. ಕಂಡಿದ್ದು ಒಣಹುಲ್ಲಿನ ಗುಡ್ಡ, ಅಲ್ಲಲ್ಲಿ ತಾಳೆಮರ. ಲೋಹ್ ಲಿಯಾಂಗ್‌ನಲ್ಲಿ ಇಳಿದ ಮೇಲೆ ರೇಂಜರ್ ಜೊತೆಗೇ ನಡೀಬೇಕು. ಅವರ ಕೈಯಲ್ಲಿರೋದು ತುದಿ ಕವಲಾದ ಒಂದು ಉದ್ದ ಕೋಲು, ಅಷ್ಟೇ. ಎದುರಿಗಿರೋ ಪ್ರಾಣಿ 3 ಮೀಟರ್‌ವರೆಗೆ ಬೆಳೆಯುತ್ತೆ, ಅದರ ಕಡಿತದಲ್ಲಿ ವಿಷವೂ ಇದೆ. ನಮ್ಮ ಕಡೆಯ ಉಡ ಗೊತ್ತಲ್ಲ? ಇದೂ ಅದೇ ಕುಲದ್ದು.

ಈಗ ಇತಿಹಾಸಕ್ಕೆ ಬರೋಣ. 1910ರಲ್ಲಿ ವಾನ್ ಸ್ಟೇನ್ ವಾನ್ ಹೆನ್ಸ್‌ಬ್ರೂಕ್ ಎಂಬ ಡಚ್ ಅಧಿಕಾರಿ ‘ನೆಲದ ಮೊಸಳೆ’ಯ ಸುದ್ದಿ ಕೇಳಿ ಇಲ್ಲಿಗೆ ಬಂದ. 1912ರಲ್ಲಿ ಜಾವಾದ ಬೋಗೋರ್ ವಸ್ತುಸಂಗ್ರಹಾಲಯದ ಪೀಟರ್ ಔವೆನ್ಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. 1926ರಲ್ಲಿ ಅಮೆರಿಕದ ಡಗ್ಲಸ್ ಬರ್ಡನ್ ಎರಡನ್ನ ಜೀವಂತ ಹಿಡಿದು ನ್ಯೂಯಾರ್ಕಿಗೆ ಸಾಗಿಸಿದ. ಅವು ಹೆಚ್ಚು ದಿನ ಬದುಕಲಿಲ್ಲ. ‘ಕಿಂಗ್ ಕಾಂಗ್’ ಸಿನಿಮಾಕ್ಕೆ ಪ್ರೇರಣೆ ಸಿಕ್ಕಿದ್ದು ಇದೇ ಯಾತ್ರೆಯಿಂದ.

ಇದನ್ನೆಲ್ಲ ಪುಸ್ತಕಗಳು ‘ಪತ್ತೆ’ ಅಂತ ಬರೀತಾವೆ. ಆದರೆ ದ್ವೀಪದ ಜನಕ್ಕೆ ಇದು ಮೊದಲಿಂದಲೂ ‘ಓರಾ’. ಅವರ ಕಥೆಯಲ್ಲಿ ರಾಜಕುಮಾರಿಯೊಬ್ಬಳಿಗೆ ಅವಳಿ ಮಕ್ಕಳು ಹುಟ್ತಾವೆ: ಒಂದು ಮನುಷ್ಯ, ಇನ್ನೊಂದು ಓರಾ. ಅಂದ್ರೆ ಇದು ಅವರಿಗೆ ಒಡಹುಟ್ಟಿದ ಜೀವ. ಹಿಂದೆ ಜಿಂಕೆ ಬೇಟೆಯಾಡಿದಾಗ ಓರಾದ ಪಾಲು ಅಂತ ಒಂದಿಷ್ಟು ಬಿಟ್ಟು ಬರ್ತಿದ್ವಿ ಅಂತ ಅಲ್ಲಿನ ಹಿರಿಯರು ಹೇಳ್ತಾರೆ.

1980ರಲ್ಲಿ ಕೊಮೊಡೊ, ರಿಂಚಾ, ಪಾದಾರ್ ದ್ವೀಪಗಳು ರಾಷ್ಟ್ರೀಯ ಉದ್ಯಾನವಾದವು. 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಜಿಂಕೆ ಬೇಟೆ ನಿಂತಿತು. ಅದು ಅಗತ್ಯವೂ ಇತ್ತು, ಯಾಕಂದ್ರೆ ಡ್ರ್ಯಾಗನ್‌ನ ಮುಖ್ಯ ಆಹಾರವೇ ಜಿಂಕೆ. ಬೇಟೆ ಬಿಟ್ಟವರಲ್ಲಿ ಅನೇಕರು ಮರದ ಓರಾ ಬೊಂಬೆ ಕೆತ್ತಿ ಪ್ರವಾಸಿಗಳಿಗೆ ಮಾರೋಕೆ ಶುರುಮಾಡಿದ್ರು.

2019ರಲ್ಲಿ ಪ್ರಾಂತ್ಯದ ಗವರ್ನರ್ ಹೊಸ ಪ್ರಸ್ತಾಪ ತಂದರು: ದ್ವೀಪವನ್ನ ಪ್ರವಾಸಿಗಳಿಗೆ ಮುಚ್ಚಬೇಕು, ಸುಮಾರು 2 ಸಾವಿರ ಜನರನ್ನ ಬೇರೆ ಕಡೆ ಕಳಿಸಬೇಕು. ಊರಿನವರು ತಿರುಗಿಬಿದ್ದರು. ಕೇಂದ್ರ ಸರ್ಕಾರ ಅದನ್ನ ಕೈಬಿಟ್ಟಿತು. 2022ರಲ್ಲಿ ಪ್ರವೇಶ ಶುಲ್ಕವನ್ನ 37.5 ಲಕ್ಷ ರುಪಿಯಾಗೆ ಏರಿಸೋ ಯೋಜನೆ ಬಂತು. ಪ್ರವಾಸೋದ್ಯಮದ ಕೆಲಸಗಾರರು ಮುಷ್ಕರ ಹೂಡಿದ ಮೇಲೆ ಅದೂ ನಿಂತಿತು.

ಹಾಗಂತ ಡ್ರ್ಯಾಗನ್ ಸುರಕ್ಷಿತವಾಗಿದೆ ಅಂತಲ್ಲ. 2021ರಲ್ಲಿ ಐಯುಸಿಎನ್ ಅದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅದು ಹೇಳಿದ ಕಾರಣ ಕೇಳಿ: ಬಿಸಿಯಾಗ್ತಿರೋ ಭೂಮಿ, ಏರ್ತಿರೋ ಸಮುದ್ರ. ಪಾರ್ಕಿನೊಳಗಿನ ಸಂಖ್ಯೆ ಸ್ಥಿರವಾಗಿದೆ ಅಂತಲೂ ಅದೇ ವರದಿ ಹೇಳಿತು.

ಅಂದ್ರೆ ಓರಾಗೆ ಈಗ ಬಂದಿರೋ ಅಪಾಯ ಈ ಊರಿನವರು ತಂದದ್ದಲ್ಲ. ದೂರದ ಊರುಗಳಲ್ಲಿ ಇಂಧನ ಸುಡೋ, ವಿಮಾನ ಹತ್ತಿ ಅದನ್ನ ನೋಡೋಕೆ ಹೋಗೋ ನಮ್ಮಂಥವರ ಪಾಲು ಅದರಲ್ಲಿ ಹೆಚ್ಚು. ಆದರೂ ಊರು ಬಿಡಿ ಅಂತ ಹೇಳಿದ್ದು ಮಾತ್ರ ಅದರ ಒಡಹುಟ್ಟಿದವರಿಗೆ.