ಕೋಟೆಗಿಂತ ಮೊದಲು ಕೆರೆ

ಚಿತ್ರದುರ್ಗವೆಂದರೆ ನಮಗೆ ಏಳುಸುತ್ತಿನ ಕೋಟೆ, ಪಾಳೆಯಗಾರರು, 1779ರಲ್ಲಿ ಹೈದರಾಲಿಗೆ ಸೋತ ಮದಕರಿನಾಯಕ. ಸಂಶೋಧನೆಗೆಂದು ಓದತೊಡಗಿದ ಮೇಲೆ ನನಗೆ ಊರಿನ ಮೊದಲ ಅಧ್ಯಾಯ ಕಂಡದ್ದು ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ. 1920ರ ದಶಕದ ಕೊನೆಗೆ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಕಣಿವೆಗೆ ಹೊರಜಗತ್ತಿನ ನಂಟಿತ್ತು.

ಅಲ್ಲೇ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕಾಲ ನಾಲ್ಕನೇ ಶತಮಾನ. ಅವನು ಗೆದ್ದ ರಾಜ್ಯಗಳೆಂದು ಕೃಷ್ಣ ಅವರು ಓದಿದ ಹೆಸರುಗಳನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಕೆರೆ ಕಟ್ಟಿಸಿದ ಮಾತು ಮಾತ್ರ ಉಳಿದುಕೊಂಡಿದೆ.

ಸುತ್ತಲ ಸೀಮೆಯ ಕಥೆಯೂ ನೀರಿನದೇ. ಹೊಳಲ್ಕೆರೆಯ ಹೆಸರಲ್ಲಿ ‘ಹೊಳಲು’, ಅಂದರೆ ಪಟ್ಟಣ, ಕೆರೆಯ ಪಕ್ಕದಲ್ಲೇ ಕೂತಿದೆ. ಹೊಸದುರ್ಗ ತಾಲ್ಲೂಕನ್ನು ಹಾದುಬರುವ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ವಾಣಿವಿಲಾಸ ಅಣೆಕಟ್ಟು ಎದ್ದಿತು. ಕೋಟೆಯೊಳಗೂ ನಾಯಕರು ಹೊಂಡಗಳನ್ನು ಕಾಪಾಡಿಕೊಂಡರು.

ಊರು ಬೆಳೆಯುತ್ತಿದೆ, ಬೆಳೆಯಲಿ. ಕೆರೆಯಂಗಳವನ್ನು ನಿವೇಶನವಾಗಿ ಕಾಣುವ ಮೊದಲು ಆ ಬಂಡೆಯನ್ನು ನೆನೆಯಬೇಕು. ಮಳೆ ಕಡಿಮೆಯಿರುವ ಈ ನೆಲದಲ್ಲಿ ಅರಸನೊಬ್ಬ ಕಲ್ಲಿನ ಮೇಲೆ ಉಳಿಯಲೆಂದು ಬರೆಸಿದ್ದು ಕೆರೆಯ ಸುದ್ದಿಯನ್ನು.