ತೆಪ್ಪ ಒಂದೇ, ಕೂತವನು ಬೇರೆ

ರಾಜಾಜಿನಗರದಲ್ಲಿ ಬೆಳಗ್ಗೆ ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗುತ್ತೆ? ಯಾವತ್ತಾದರೂ ಯೋಚನೆ ಮಾಡಿದ್ದೀರಾ?

ಮೋರಿಗೆ ಅಂತೀರಿ. ಸರಿ, ಮೋರಿಯಿಂದ? ವೃಷಭಾವತಿಗೆ. ಬಸವೇಶ್ವರನಗರ, ವಿಜಯನಗರದ ಕಡೆಯ ನೀರೂ ಅಲ್ಲಿಗೇ. ಮೈಸೂರು ರಸ್ತೆಯ ಪಕ್ಕದಲ್ಲಿ ನಾಯಂಡಹಳ್ಳಿ, ಕೆಂಗೇರಿ ದಾಟಿ ಅದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತೆ. ಮುಂದೆ ಕನಕಪುರದ ಕಡೆ ಹರಿದು ಅರ್ಕಾವತಿ ಸೇರುತ್ತೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಮೇಕೆದಾಟು ನೋಡೋಕೆ ಹೋದವರಿಗೆಲ್ಲ ಆ ಜಾಗ ಗೊತ್ತು. ಅಲ್ಲಿ ಹೊಳೆ ದಾಟಿಸೋಕೆ ಒಂದು ದುಂಡನೆಯ ತೆಪ್ಪ ಇರ್ತಿತ್ತು. ಇವತ್ತಿನ ಮಾತು ಆ ತೆಪ್ಪದ್ದು.

ಯಾಕೆ ಈಗ ತೆಪ್ಪದ ಮಾತು? ವಿದೇಶದಲ್ಲಿ ಒಂದು ಹೊಸ ಹುಚ್ಚು ಹಿಡಿದಿದೆ. ಪ್ಯಾಕ್‌ರಾಫ್ಟ್ ಅಂತಾರೆ. ಎರಡು ಮೂರು ಕೆ.ಜಿ. ತೂಕದ, ಗಾಳಿ ತುಂಬುವ ದೋಣಿ. ಮಡಚಿ ಬೆನ್ನ ಚೀಲಕ್ಕೆ ಹಾಕಿಕೊಂಡು ಕಾಡಿನಲ್ಲಿ ದಿನಗಟ್ಟಲೆ ನಡೀತಾರೆ. ಹೊಳೆ ಸಿಕ್ಕಿತಾ? ಗಾಳಿ ತುಂಬಿ ದಾಟ್ತಾರೆ. ಅಲಾಸ್ಕಾದಲ್ಲಿ ಬೇಟೆಗಾರರು ನಡೆದುಕೊಂಡೇ ಒಳಗೆ ಹೋಗಿ, ಹೊಡೆದ ಪ್ರಾಣಿಯ ಮಾಂಸವನ್ನು ಇದರಲ್ಲಿಟ್ಟು ನದಿಯ ಹರಿವಿನ ಜೊತೆ ಕೆಳಗೆ ಬರ್ತಾರೆ. ಗಾಳ ಹಾಕುವವರಿಗೂ ರಸ್ತೆಯೇ ಇಲ್ಲದ ಮಡು ಸಿಗುತ್ತೆ. ಭಾರೀ ಹೊಸದು ಅಂತ ಹೇಳ್ಕೋತಾರೆ.

ಹೊಸದಾ? ಸ್ವಲ್ಪ ಹಿಂದಕ್ಕೆ ಹೋಗೋಣ.

1840ರ ದಶಕದಲ್ಲಿ ಪೀಟರ್ ಹಾಲ್ಕೆಟ್ ಅನ್ನೋ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ರಬ್ಬರ್ ಬಟ್ಟೆಯ ಒಂದು ದೋಣಿ ಮಾಡಿದ. ಮೈಮೇಲೆ ಹೊದ್ದರೆ ನಿಲುವಂಗಿ, ಗಾಳಿ ತುಂಬಿದರೆ ದೋಣಿ. ಕೈಕೋಲೇ ಹುಟ್ಟು, ಕೊಡೆಯೇ ಹಾಯಿ! ನೌಕಾಪಡೆ ಅದನ್ನು ದೊಡ್ಡದಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಆದರೆ ಜಾನ್ ರೇ ಅನ್ನೋ ಅನ್ವೇಷಕ 1846ರಲ್ಲಿ ಅದನ್ನು ಉತ್ತರ ಧ್ರುವದ ಕಡೆ ಒಯ್ದ. ಬೇಟೆಯಾಡಿ, ಮೀನು ಹಿಡಿದೇ ತನ್ನ ತಂಡದ ಹೊಟ್ಟೆ ತುಂಬಿಸಿದವನು ಆತ. ಹಿಮದ ನಾಡಿನಲ್ಲಿ ಮೀನುಬಲೆ ಹಾಕೋಕೆ, ನೋಡಿಕೊಳ್ಳೋಕೆ ಅದೇ ದೋಣಿ ಆಯ್ತು.

ಅದಕ್ಕಿಂತ ಮುನ್ನೂರು ವರ್ಷ ಹಿಂದೆ ಬನ್ನಿ. ವಿಜಯನಗರಕ್ಕೆ. ಮಾಗಡಿ ರಸ್ತೆ ಪಕ್ಕದ ವಿಜಯನಗರ ಅಲ್ಲ ಸ್ವಾಮಿ, ಹಂಪೆಯ ವಿಜಯನಗರ. ಕೃಷ್ಣದೇವರಾಯನ ಕಾಲ, ಸುಮಾರು 1520. ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ತುಂಗಭದ್ರೆಯ ದಡದಲ್ಲಿ ನಿಂತು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಹೆಣೆದ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು. ನೇರ ಹೋಗಲ್ಲ, ಸುತ್ತುತ್ತಾ ಹೋಗುತ್ತೆ. ಈ ರಾಜ್ಯದ ಹೊಳೆಗಳಲ್ಲಿ ಇದು ಬಿಟ್ಟು ಬೇರೆ ದೋಣಿಯೇ ಇಲ್ಲ ಅಂತಾನೆ ಆತ.

ಅದೇ ನಮ್ಮ ಹರಿಗೋಲು. ಕಾವೇರಿ ಕಡೆಯವರ ಬಾಯಲ್ಲಿ ತೆಪ್ಪ. ಬಸವಣ್ಣನವರ ಕಾಲದ ಶರಣರಲ್ಲೇ ಅಂಬಿಗರ ಚೌಡಯ್ಯನವರು ಇದ್ದರು. ಅಂದರೆ ಹೊಳೆ ದಾಟಿಸುವ ಕಸುಬು ಈ ನೆಲದಲ್ಲಿ ಅಷ್ಟು ಹಳೆಯದು.

ದುಂಡಗೆ ಯಾಕೆ? ಅದರಲ್ಲೇ ಇರೋದು ಬುದ್ಧಿ. ನಮ್ಮ ಹೊಳೆಗಳು ಬಂಡೆಗಳ ನಡುವೆ ಹರಿಯೋವು. ಚೂಪು ಮೂತಿಯ ದೋಣಿ ಬಂಡೆಗೆ ಸಿಕ್ಕಿಕೊಳ್ಳುತ್ತೆ, ದುಂಡನೆಯದು ತಗುಲಿ ಜಾರಿ ತಿರುಗುತ್ತೆ. ತಳ ಚಪ್ಪಟೆ, ಮೊಳಕಾಲುದ್ದದ ನೀರಿದ್ದರೂ ತೇಲುತ್ತೆ. ಹರಿವಿನ ಜೊತೆ ಕೆಳಗೆ ಹೋದ ಅಂಬಿಗ ಮೇಲಕ್ಕೆ ಹುಟ್ಟು ಹಾಕ್ಕೊಂಡು ಬರೋ ಸಾಹಸ ಮಾಡಲ್ಲ. ಸಣ್ಣ ತೆಪ್ಪವಾದರೆ ಕವುಚಿ ತಲೆ ಮೇಲೆ ಹೊತ್ತು ದಡದಲ್ಲಿ ನಡೆದು ಬರ್ತಾನೆ. ನದಿ ನಮ್ಮನ್ನು ಕೆಳಗೆ ಹೊರಬೇಕು, ನಾವು ದೋಣಿಯನ್ನು ಮೇಲೆ ಹೊರಬೇಕು. ಪ್ಯಾಕ್‌ರಾಫ್ಟ್‌ನ ಲೆಕ್ಕವೂ ಇದೇ ಅಲ್ವಾ? ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಬಿದಿರು ಹಾಗೇ ಉಳೀತು.

ಇದರ ಬೆಲೆ ದಂಡಿನವರಿಗೂ ಗೊತ್ತಿತ್ತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, 1803ರ ಮರಾಠ ಯುದ್ಧದ ಹೊತ್ತಿನಲ್ಲಿ ಮಲಪ್ರಭಾ, ಘಟಪ್ರಭಾ ದಾಟೋಕೆ ನಂಬಿದ್ದು ಇವೇ ಚರ್ಮ ಹೊದಿಸಿದ ಬುಟ್ಟಿ ದೋಣಿಗಳನ್ನು.

ಈಗ ಮೀನಿಗೆ, ಬೇಟೆಗೆ ಬರೋಣ. ಸಂಗಮದಿಂದ ಕಾವೇರಿಯಲ್ಲಿ ಮೇಲಕ್ಕೆ ಹೋದರೆ ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ. ಅಲ್ಲಿನ ಮಡುಗಳ ರಾಜ ಮಹಶೀರ್, ನಮ್ಮ ಜನ ಬಿಳಿಮೀನು ಅನ್ನೋದು. 1873ರಲ್ಲೇ ಹೆನ್ರಿ ಸಲಿವನ್ ಥಾಮಸ್ ಅನ್ನೋ ಇಂಗ್ಲಿಷ್ ಅಧಿಕಾರಿ ಭಾರತದ ಗಾಳದ ಬೇಟೆ ಬಗ್ಗೆ ಇಡೀ ಪುಸ್ತಕ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕೆ.ಜಿ. ಒಬ್ಬ ಮನುಷ್ಯನ ತೂಕ! 1970ರ ದಶಕದ ಕೊನೆಗೆ ಬ್ರಿಟಿಷ್ ಗಾಳಗಾರರು ಕಾವೇರಿ ಹುಡುಕಿಕೊಂಡು ಬಂದರು. ಆಮೇಲೆ ಶಿಬಿರಗಳು ಬಂದವು.

ಸಾಹೇಬರ ಕೈಯಲ್ಲಿ ವಿದೇಶಿ ಗಾಳ. ತುದಿಯಲ್ಲಿ ಏನು? ನಮ್ಮ ರಾಗಿ ಉಂಡೆ! ಮೀನು ಕಚ್ಚಿ ಬಂಡೆ ಸಂದಿಗೆ ಎಳೆದಾಗ ತೆಪ್ಪ ತಿರುಗಿಸಿ ಹಿಂದೆ ಹೋಗ್ತಿದ್ದವನು ಯಾರು? ಪಕ್ಕದ ಹಳ್ಳಿಯವನು. ಫೋಟೋದಲ್ಲಿ ಮೀನು ಹಿಡಿದು ನಗುವವನ ಹೆಸರಿದೆ, ತೆಪ್ಪ ನಡೆಸಿದವನ ಹೆಸರು ಅಪರೂಪ.

ಈ ನಡುವೆ ಕಾನೂನು ಬದಲಾಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಲೈಸೆನ್ಸ್ ತಗೊಂಡು ಮೋಜಿಗೆ ಬೇಟೆಯಾಡುವ ದಾರಿಯೂ ಮುಚ್ಚಿತು. 1987ರಲ್ಲಿ ಕಾವೇರಿ ವನ್ಯಧಾಮ ಆಯ್ತು. 2012ರ ಹೊತ್ತಿಗೆ ಆ ಶಿಬಿರಗಳಲ್ಲಿ ಗಾಳವೂ ನಿಂತಿತು. ಬೇಟೆ ನಿಂತಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಅಲಾಸ್ಕಾ ನೋಡಿ ಇಲ್ಲಿ ಯಾರೂ ಕನಸು ಕಾಣೋದು ಬೇಡ. ಆದರೆ ಒಂದು ವಿಚಿತ್ರ ನೋಡಿ. ಡುಬ್ಬ ಬೆನ್ನಿನ ಮಹಶೀರ್ ಕಡಿಮೆ ಆಗ್ತಿದೆ, ಹೊರಗಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಹೆಚ್ಚಾಗ್ತಿದೆ ಅನ್ನೋದು ಜಗತ್ತಿಗೆ ಗೊತ್ತಾಗಿದ್ದು ಅದೇ ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕದಿಂದ. 2018ರಲ್ಲಿ ವಿಜ್ಞಾನಿಗಳು ಈ ಮೀನು ಟಾರ್ ರೆಮಾದೇವಿ ಅಂತ ಗುರುತಿಸಿದರು. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.

ಇದೇ ಕಾವೇರಿಯಲ್ಲಿ ಇನ್ನೂ ಕೆಳಗೆ ಹೋಗಿ, ಹೊಗೆನಕಲ್ ದಾಟಿ, ಪಾಲಾರ್ ಹಳ್ಳ ಸೇರುವ ಗಡಿ. 2023ರ ಫೆಬ್ರವರಿ. ರಾತ್ರಿ ತೆಪ್ಪದಲ್ಲಿ ಬಂದ ತಮಿಳುನಾಡಿನ ಹಳ್ಳಿಯವರ ಮೇಲೆ ನಮ್ಮ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದರು. ಕೆಲವು ದಿನದ ಮೇಲೆ ಒಬ್ಬರ ಶವ ನೀರಿನಲ್ಲಿ ಸಿಕ್ಕಿತು. ಜಿಂಕೆ ಬೇಟೆಗೆ ಬಂದಿದ್ದರು ಅಂತ ಇಲಾಖೆ. ಮೀನಿಗೆ ಹೋಗಿದ್ದರು ಅಂತ ಊರಿನವರು. ಎರಡು ರಾಜ್ಯದ ನಡುವೆ ಬಸ್ ಸಂಚಾರ ಕೂಡ ಕೆಲಕಾಲ ನಿಂತಿತು. ಯಾರದು ಸರಿ ಅಂತ ನಾನಿಲ್ಲಿ ತೀರ್ಪು ಕೊಡೋಕೆ ಕೂತಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳ್ತೀನಿ.

ಪಾಯೆಸ್ ನೋಡಿದ್ದೂ ಅದೇ ತೆಪ್ಪ. ವೆಲ್ಲೆಸ್ಲಿ ಏರಿದ್ದೂ ಅದೇ. ಸಾಹೇಬ ಕೂತರೆ ಅದು ಕ್ರೀಡೆ. ಪ್ರವಾಸಿ ಕೂತರೆ ಮೋಜು. ಕಾಡಂಚಿನ ಬಡವ ಕೂತರೆ ಮೊದಲು ಅನುಮಾನ, ಆಮೇಲೆ ವಿಚಾರಣೆ. ಹಗುರ ದೋಣಿಯ ಐನೂರು ವರ್ಷದ ಇತಿಹಾಸ ಅಂದರೆ ಇದೇನಾ?

ಇನ್ನೊಬ್ಬ ಇದ್ದಾನೆ, ತೆಪ್ಪ ಏರದೇನೇ ಮೀನು ಕೊಲ್ಲುವವನು. ಯಾರು ಅಂತೀರಾ? ನಾವೇ. ಈ ಪಶ್ಚಿಮ ಬೆಂಗಳೂರಿನವರು. ನಮ್ಮ ಬಚ್ಚಲ ನೀರು, ಕಾರ್ಖಾನೆಗಳ ನೀರು ವೃಷಭಾವತಿಯಲ್ಲಿ ನೊರೆ ಕಾರುತ್ತಾ ಬೈರಮಂಗಲಕ್ಕೆ ಹೋಗುತ್ತೆ. ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. ಕೈಯಲ್ಲಿ ಕೋವಿ ಇಲ್ಲ, ಬಲೆ ಇಲ್ಲ. ಯಾವ ಅರಣ್ಯ ಸಿಬ್ಬಂದಿಯೂ ನಮ್ಮನ್ನು ತಡೆದು ನಿಲ್ಲಿಸಲ್ಲ.

ಎರಡು ಕೆ.ಜಿ. ದೋಣಿ ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತೆ. ಬಿದಿರಿದ್ದರೆ ತೆಪ್ಪವನ್ನೂ ಮತ್ತೆ ಹೆಣೆಯಬಹುದು. ಆದರೆ ಇಳಿಸೋಕೆ ಹೊಳೆ ಬೇಕಲ್ಲ? ಇವತ್ತು ಸಂಜೆ ಮನೆಗೆ ಹೋಗುವಾಗ ಕೆಂಗೇರಿ ಹತ್ತಿರ ಆ ನೀರು ಕಂಡರೆ ಮೂಗು ಮುಚ್ಚಿಕೊಳ್ಳಿ, ತಪ್ಪಿಲ್ಲ. ಕಣ್ಣು ಮಾತ್ರ ಮುಚ್ಚಬೇಡಿ. ಅದು ಮೋರಿ ಅಲ್ಲ. ತೊಂಬತ್ತು ಕಿಲೋಮೀಟರ್ ಆಚೆ ಸಂಗಮದಲ್ಲಿ ತೆಪ್ಪ ತೇಲೋ ಹೊಳೆಯ ಇನ್ನೊಂದು ತುದಿ.